ಸೇತುವೆ ಕಾಯಲು ಬಂದ ಕೋಟೆ

ಕೋಟೆ ಎಂದ ಕೂಡಲೇ ಕಂದಕ, ಬುರುಜು, ಹೆಬ್ಬಾಗಿಲುಗಳನ್ನು ಕಲ್ಪಿಸಿಕೊಳ್ಳಬೇಡಿ. ಅಮೆರಿಕದ ಪಶ್ಚಿಮ ಬಯಲಿನ ಬಹುಪಾಲು ಸೇನಾಕೋಟೆಗಳಿಗೆ ಸುತ್ತುಗೋಡೆಯೇ ಇರಲಿಲ್ಲ. ಕವಾಯತು ಮೈದಾನದ ಸುತ್ತ ಒಂದಷ್ಟು ಬ್ಯಾರಕ್ಕು, ಲಾಯ, ಉಗ್ರಾಣ, ಅಷ್ಟೆ. ನಾನಿಂದು ಹೇಳಹೊರಟಿರುವ ವಯೋಮಿಂಗ್‌ನ ಫೋರ್ಟ್ ಫ್ರೆಡ್ ಸ್ಟೀಲ್ ಹುಟ್ಟಿದ್ದು 1868ರಲ್ಲಿ, ಯೂನಿಯನ್ ಪೆಸಿಫಿಕ್ ರೈಲುಮಾರ್ಗ ನಾರ್ತ್ ಪ್ಲಾಟ್ ನದಿಯನ್ನು ದಾಟುವಲ್ಲಿ. ಸೇತುವೆಯನ್ನೂ ಹಳಿಯನ್ನೂ ಕಾಯುವುದು ಅದರ ಕೆಲಸ. ಯಾರಿಂದ? ಆ ನೆಲದ ಮೂಲನಿವಾಸಿಗಳಿಂದ. ‘ರಕ್ಷಣೆ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ಅನುಮಾನದಿಂದಲೇ ಕೇಳಬೇಕು.

ಈ ಕೋಟೆಗೆ ದೊಡ್ಡ ಪೆಟ್ಟು ಬಿದ್ದದ್ದು ಹಳಿಯ ಬಳಿಯಲ್ಲ. ದಕ್ಷಿಣಕ್ಕೆ, ಕೊಲರಾಡೊದಲ್ಲಿ, ಯೂಟ್ ಜನರಿಗೆ ಮೀಸಲಾದ ಪ್ರದೇಶವಿತ್ತು. ಅವರನ್ನು ರೈತರನ್ನಾಗಿಸಲು ಹೊರಟ ಸರ್ಕಾರಿ ಏಜೆಂಟ್ ನೇಥನ್ ಮೀಕರ್, ಅವರ ಕುದುರೆಗಳ ಹುಲ್ಲುಗಾವಲಿಗೇ ನೇಗಿಲು ಹಾಕಿಸಿದ. ಜಗಳವಾಯಿತು; ಸೈನ್ಯಕ್ಕೆ ಕರೆ ಹೋಯಿತು. ಕೋಟೆಯ ಅಧಿಕಾರಿ ಮೇಜರ್ ಥಾರ್ನ್‌ಬರ್ಗ್ ಹೊರಟ. ದಂಡನ್ನು ಗಡಿಯಾಚೆ ಬಿಟ್ಟು ನಾಲ್ಕೈದು ಮಂದಿಯೊಡನೆ ಮಾತುಕತೆಗೆ ಬರುವಂತೆ ಯೂಟರು ಕೇಳಿಕೊಂಡರು. ಆತ ದಂಡಿನೊಡನೆಯೇ ಗಡಿ ದಾಟಿದ. 1879ರ ಸೆಪ್ಟೆಂಬರ್ 29ರಂದು, ಮಿಲ್ಕ್ ಕ್ರೀಕ್ ಹಳ್ಳದ ಬಳಿಯ ಕಾಳಗದ ಮೊದಲ ದಿನವೇ ಸತ್ತ. ಅತ್ತ ಮೀಕರನನ್ನೂ ಅವನ ನೌಕರರನ್ನೂ ಯೂಟರು ಕೊಂದರು. ಸಿಕ್ಕಿಬಿದ್ದ ತುಕಡಿಯನ್ನು ಬಿಡಿಸಲು ಕರ್ನಲ್ ಮೆರಿಟ್‌ನ ಸೈನ್ಯ ಅದೇ ರೈಲಿನಲ್ಲಿ ರಾಲಿನ್ಸ್‌ಗೆ ಬಂದಿಳಿದು ದಕ್ಷಿಣಕ್ಕೆ ಧಾವಿಸಿತು.

ವೈಟ್ ರಿವರ್ ಯೂಟರನ್ನು 1881ರಲ್ಲಿ ಯೂಟಾಕ್ಕೆ ಅಟ್ಟಲಾಯಿತು. ರೈಲು ಬೇಕಾದಲ್ಲಿಗೆ ಸೈನ್ಯವನ್ನು ತಂದಿಳಿಸುವಾಗ, ಸೇತುವೆಯ ಪಕ್ಕ ಸೈನಿಕರು ಕೂತಿರುವ ಅಗತ್ಯವೇನು? 1886ರಲ್ಲಿ ಸೇನೆ ಕೋಟೆಯನ್ನು ಬಿಟ್ಟು ಹೋಯಿತು.