ಸೇವೆಯೇ ನಾಯಕತ್ವದ ಪಾಠಶಾಲೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬೀ ಐದು ತಾಲ್ಲೂಕುಗಳು 2021ರಲ್ಲಿ ಉದಯಿಸಿದ ವಿಜಯನಗರ ಜಿಲ್ಲೆಯ ಅಂಗಗಳಾಗಿವೆ. ಹಡಗಲಿ, ಹರಪನಹಳ್ಳಿಗಳ ಪಡುವಣ ಅಂಚಿನಲ್ಲಿ ತುಂಗಭದ್ರೆಯು ಹರಿಯುತ್ತಿದ್ದರೂ ಈ ಸೀಮೆಯ ಬಹುಭಾಗವು ಮಳೆಯನ್ನೇ ನಂಬಿ ಬದುಕುತ್ತದೆ. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಆದರೆ ಅದರ ಕಾಲುವೆಗಳು ಕೆಳಗಣ ಬಯಲಿಗೆ ಇಳಿದುವೇ ಹೊರತು ಮೇಲಣ ಈ ಎತ್ತರದ ನೆಲಕ್ಕೆ ಏರಲಿಲ್ಲ. ಆದುದರಿಂದ ಇಲ್ಲಿ ಕೆರೆಯೇ ಊರಿನ ಪ್ರಾಣ. ಕೆರೆ ಬತ್ತಿತೆಂದರೆ ಬಡವರು ಗುಳೆ ಹೊರಡುವರು.

ಇಂತಹ ನಾಡಿನಲ್ಲಿ ಸೇವಾಭಾವಕ್ಕೆ ಮಾತ್ರ ಬರವಿಲ್ಲ. ಶ್ರೀ ಗುರು ಕೊಟ್ಟೂರೇಶ್ವರರ ರಥೋತ್ಸವವೇ ಇದಕ್ಕೆ ಸಾಕ್ಷಿ. ದಾವಣಗೆರೆ ಮೊದಲಾದ ಕಡೆಗಳಿಂದ ಸಹಸ್ರಾರು ಭಕ್ತರು ಕಾಲ್ನಡಿಗೆಯಲ್ಲಿ ಕೊಟ್ಟೂರಿಗೆ ಬರುವಾಗ, ಹಾದಿಯ ಊರುಗಳವರು ನೀರು, ಅನ್ನಗಳನ್ನಿತ್ತು ಉಪಚರಿಸುವರು. ಅಲ್ಲಿ ಆಜ್ಞೆಯಿಲ್ಲ, ಕೂಲಿಯಿಲ್ಲ. ಆದರೂ ಒಲೆ ಹೊತ್ತುವುದು, ಪಂಕ್ತಿ ಏಳುವುದು. ದಾಸೋಹವೆಂದರೆ ಇದೇ ಅಲ್ಲವೆ?

ಆದರೆ ಉತ್ಸವದ ಉತ್ಸಾಹವು ವರ್ಷವಿಡೀ ಉಳಿಯಬೇಕಾದರೆ ನಾಯಕತ್ವವು ಬೇಕು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ರಥವು ಉತ್ಸವದ ವೇಳೆಯಲ್ಲಿಯೇ ಉರುಳಿಬಿದ್ದುದು ಎಲ್ಲರಿಗೂ ವಿದಿತವಾಗಿದೆ. ಅಂದು ಎಳೆಯುವ ಕೈಗಳಿಗೂ ಭಕ್ತಿಗೂ ಕೊರತೆಯಿರಲಿಲ್ಲ. ಯಾವ ಸತ್ಕಾರ್ಯದ ತೇರಿಗಾದರೂ ಹಗ್ಗ ಹಿಡಿಯುವ ಸಾವಿರ ಕೈಗಳಷ್ಟೇ ಅಚ್ಚು, ಗಾಲಿಗಳನ್ನು ಮುಂಚಿತವಾಗಿ ನೋಡಿಕೊಳ್ಳುವ ನಾಲ್ಕು ಕಣ್ಣುಗಳೂ ಅವಶ್ಯಕ. ಆ ಕಣ್ಣುಗಳಾಗುವವನೇ ನಾಯಕನು, ಹೂಮಾಲೆಗೆ ಕೊರಳೊಡ್ಡುವವನಲ್ಲ.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದರು. ಶಿವಯೋಗಿಯಾದವರು ಮಣ್ಣಿನ ಕೆಲಸವನ್ನು ಕೀಳೆಂದು ಬಗೆಯಲಿಲ್ಲ. ಆ ದಾರಿಯು ಇಂದಿಗೂ ಈ ಸೀಮೆಗೆ ಒಪ್ಪುವಂತಹುದು. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರನ್ನು ತುಂಬಿಸುವ ಯೋಜನೆಯನ್ನು ಸರ್ಕಾರವು ಕೈಗೊಂಡಿತು. ಕೊಳವೆಯಲ್ಲಿ ನೀರನ್ನು ತರುವುದು ಸರ್ಕಾರದಿಂದ ಸಾಧ್ಯ. ಆದರೆ ಹೂಳು ತುಂಬಿ ಬಳ್ಳಾರಿ ಜಾಲಿ ಬೆಳೆದ ಕೆರೆಯು ಎಷ್ಟು ನೀರನ್ನು ಹಿಡಿದೀತು? ತೂಬು ಸೋರಿದರೆ, ಕೋಡಿ ಕುಸಿದರೆ, ನೀರು ಬರುವ ಹಳ್ಳವನ್ನು ಯಾರಾದರೂ ಒತ್ತಿಕೊಂಡರೆ, ಅದನ್ನು ಮೊದಲು ಕಾಣಬೇಕಾದವರು ಊರವರೇ.

ಇದಕ್ಕಾಗಿ ಊರಿಗೊಂದು ಸೇವಾದಳವು ಏರ್ಪಡಲಿ. ತಿಂಗಳಿಗೊಂದು ದಿನ ಏರಿಯ ಮೇಲಣ ಗಿಡಗಂಟಿಗಳನ್ನು ಸವರಲಿ. ಮುಂಗಾರಿಗೆ ಮೊದಲು ತೂಬು, ಕೋಡಿಗಳನ್ನು ಪರೀಕ್ಷಿಸಲಿ. ದಳದ ಮುಖ್ಯಸ್ಥಾನವು ವರ್ಷಕ್ಕೊಬ್ಬರಂತೆ ಸರದಿಯಿಂದ ನಡೆಯಲಿ. ನೀರಿನ ಕಷ್ಟವನ್ನು ತಲೆಯ ಮೇಲೆ ಹೊತ್ತವರು ಹೆಣ್ಣುಮಕ್ಕಳಾದುದರಿಂದ ಆ ಸರದಿಯಲ್ಲಿ ಅವರಿಗೂ ಸಮಪಾಲಿರಲಿ. ಕೇರಿಯ ಭೇದವಿಲ್ಲದೆ ಎಲ್ಲರ ಮಕ್ಕಳೂ ಒಂದೇ ಸಾಲಿನಲ್ಲಿ ಬುಟ್ಟಿ ಹೊರಲಿ. ಕಾಸಿನ ಲೆಕ್ಕವನ್ನು ಊರ ಮುಂದೆ ಓದಿ ಹೇಳಲಿ. ಲೆಕ್ಕವನ್ನು ಒಪ್ಪಿಸುವುದು, ಪ್ರತಿಮಾತನ್ನು ಸಹಿಸುವುದು, ಕಾಲ ಬಂದಾಗ ಸ್ಥಾನವನ್ನು ಕಿರಿಯರಿಗೆ ಬಿಟ್ಟುಕೊಡುವುದು, ಈ ಮೂರನ್ನು ಕಲಿತ ತರುಣನು ಎಲ್ಲಿಯಾದರೂ ಮುಂದಾಳಾಗಬಲ್ಲನು. ಭಾಷಣಗಳಿಂದ ಈ ಪಾಠವು ಬಾರದು.

ಮಹೋತ್ಸವಗಳ ಚಪ್ಪರವನ್ನು ಹಾಕಿದವರೇ ಬಿಚ್ಚುವರು. ಕೆರೆಯಾದರೋ ಅದನ್ನು ತೋಡಿದವರ ಹೆಸರು ಮರೆತ ಮೇಲೂ ದನಕರುಗಳಿಗೆ ನೀರುಣಿಸುವುದು. ಈ ಐದು ತಾಲ್ಲೂಕುಗಳ ಭಕ್ತರು ಗುರುಪೀಠಕ್ಕೆ ಸಲ್ಲಿಸುವ ಕಾಣಿಕೆಯೊಡನೆ ತಮ್ಮೂರ ಕೆರೆಗೂ ಒಂದು ದಿನದ ದುಡಿಮೆಯನ್ನು ಮುಡಿಪಾಗಿರಿಸಿದರೆ, ಈ ಮಹೋತ್ಸವವು ಸಾರ್ಥಕವಾಗುವುದರಲ್ಲಿ ಸಂದೇಹವಿಲ್ಲ.