ಉಳಿಯೂ ಲೇಖನಿಯೂ: ಕಲ್ಪನೆಯ ಮನುಷ್ಯನಿಗೆ ಇತಿಹಾಸದಲ್ಲಿ ಎಡೆ



ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ಸಾಹಿತ್ಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘದ ಕಾರ್ಯಕರ್ತರು ಅಪ್ಪಣೆ ಮಾಡಿದ್ದಾರೆ. ಇಂತಹ ವೇದಿಕೆಯಲ್ಲಿ ಕನ್ನಡದ ಪ್ರಾಚೀನ ವೈಭವವನ್ನು ಕೊಂಡಾಡುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಕೊಂಡಾಡುವುದರಿಂದ ಮಾತ್ರವೇ ಭಾಷೆ ಬೆಳೆಯುವುದಿಲ್ಲ; ಅದರಲ್ಲಿ ಹೊಸ ಮನುಷ್ಯರನ್ನು ಸೃಷ್ಟಿಸಬಲ್ಲ ಮಕ್ಕಳಿದ್ದರೆ ಬೆಳೆಯುತ್ತದೆ. ಆದುದರಿಂದ ಇತಿಹಾಸದಲ್ಲಿ ಇದ್ದಿರಬಹುದಾದ, ಆದರೆ ದಾಖಲೆಯಲ್ಲಿ ಇಲ್ಲದ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಂಡು ಬರೆಯುವುದು ಹೇಗೆ, ಆ ಬರವಣಿಗೆಗೆ ಮತ್ತೊಂದು ಕಲೆಯ ಅಭ್ಯಾಸ ಯಾವ ರೀತಿ ನೆರವಾಗುತ್ತದೆ ಎಂಬ ವಿಷಯವನ್ನು ನಾವು ಇಂದು ಆರಿಸಿಕೊಂಡಿದ್ದೇವೆ. ಮಸಿನಗುಡಿ, ಗೂಡಲೂರು, ಉದಕಮಂಡಲಗಳಲ್ಲಿ ನೆಲೆಸಿರುವ ನಮಗೆ ಈ ವಿಷಯ ದೂರದ್ದಲ್ಲ.

ಕ್ರಿ.ಶ. 1117ನೆಯ ಇಸವಿಯನ್ನು ನೆನೆಯಿರಿ. ಬೇಲೂರಿನಲ್ಲಿ ವಿಷ್ಣುವರ್ಧನನು ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ್ದು ಆ ವರ್ಷ. ಅದೇ ವರ್ಷ ಅರಿಕುಠಾರದಲ್ಲಿ, ಎಂದರೆ ಈಗಿನ ಚಾಮರಾಜನಗರದಲ್ಲಿ, ಪಾರ್ಶ್ವನಾಥ ಬಸದಿಯ ಶಾಸನವೊಂದು ಹುಟ್ಟಿತು. ಅದು ವಿಷ್ಣುವರ್ಧನನ ದಂಡನಾಯಕನಾದ ಪುಣಿಸನ ಕೀರ್ತಿಯನ್ನು ಸಾರುವ ಶಾಸನ. ಅವನು ಕೊಂಗರನ್ನು ಓಡಿಸಿದನು, ನೀಲಗಿರಿಯನ್ನು ಗೆದ್ದನು, ತೋಡರನ್ನು ಹೆದರಿಸಿದನು ಎಂದು ಅದು ಹೇಳುತ್ತದೆ. ಬಿತ್ತನೆಗೆ ಬೀಜವಿಲ್ಲದ ಒಕ್ಕಲಿಗರಿಗೂ ಬಂಡವಾಳ ಕಳೆದುಕೊಂಡ ವ್ಯಾಪಾರಿಗಳಿಗೂ ಅವನು ನೆರವಾದನೆಂಬ ಮಾತೂ ಅದರಲ್ಲಿದೆ. ತೋಡರ ಹೆಸರು ಲಿಖಿತವಾಗಿ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ ಎಂದು ವಿದ್ವಾಂಸರು ಹೇಳುತ್ತಾರೆ. ಹೀಗೆ ಈ ಬೆಟ್ಟದ ಒಂದು ಜನ ಲಿಖಿತ ಇತಿಹಾಸಕ್ಕೆ ಕಾಲಿಟ್ಟಿದ್ದು ಕನ್ನಡ ಅಕ್ಷರದಲ್ಲಿ.

ಇದು ನಮಗೆ ಹೆಮ್ಮೆಯ ಸಂಗತಿ. ಆದರೆ ಆ ಹೆಮ್ಮೆಯನ್ನು ಸ್ವಲ್ಪ ತಡೆದು ವಿಚಾರ ಮಾಡೋಣ. ಆ ಶಾಸನದಲ್ಲಿ ಪುಣಿಸನ ವಂಶವಿದೆ, ಪದವಿಯಿದೆ, ದಾನಧರ್ಮವಿದೆ. ತೋಡರಿಗೆ ಅಲ್ಲಿ ದೊರೆತಿರುವುದು ‘ಹೆದರಿದವರು’ ಎಂಬ ಸ್ಥಾನ ಮಾತ್ರ. ಅವರು ಏನು ಉಡುತ್ತಿದ್ದರು, ಎಮ್ಮೆಗಳನ್ನು ಯಾವ ಹುಲ್ಲುಗಾವಲಿಗೆ ಅಟ್ಟುತ್ತಿದ್ದರು, ದಂಡು ಬಂದ ದಿನ ಮಕ್ಕಳನ್ನು ಎಲ್ಲಿ ಬಚ್ಚಿಟ್ಟರು ಎಂಬುದನ್ನು ಕಲ್ಲು ಹೇಳುವುದಿಲ್ಲ. ದಂಡಿನೊಡನೆ ಮೂಟೆ ಹೊತ್ತು ಬೆಟ್ಟವೇರಿದ ಕನ್ನಡದ ಆಳುಗಳ ಮಾತೂ ಅಲ್ಲಿಲ್ಲ. ಇತಿಹಾಸಕಾರನು ಇಂತಹ ಕಡೆ ನಿಂತುಬಿಡಬೇಕು. ಆಧಾರವಿಲ್ಲದೆ ಮುಂದೆ ಹೋಗುವುದು ಅವನ ಧರ್ಮವಲ್ಲ. ಕಥೆಗಾರನು ಮಾತ್ರ ಅಲ್ಲಿಂದ ಒಂದು ಹೆಜ್ಜೆ ಮುಂದಿಡಬಹುದು. ಆದರೆ ಯಾವ ಊರುಗೋಲನ್ನು ಹಿಡಿದು?

ಇದಕ್ಕೆ ನಮ್ಮ ನಾಡಿನ ಜನವೇ ಬಹಳ ಹಿಂದೆ ಒಂದು ಉತ್ತರ ಕೊಟ್ಟಿದ್ದಾರೆ. ಜಕಣಾಚಾರಿಯ ಕಥೆಯನ್ನು ಕೇಳದ ಕನ್ನಡದ ಮಗು ಉಂಟೆ? ಕೀರ್ತಿಯನ್ನು ಅರಸಿ ಮನೆ ಬಿಟ್ಟ ಶಿಲ್ಪಿ. ತಂದೆಯನ್ನು ಹುಡುಕಿಕೊಂಡು ಬೇಲೂರಿಗೆ ಬಂದ ಮಗ ಡಂಕಣ. ಪ್ರತಿಷ್ಠೆಗೆ ಸಿದ್ಧವಾದ ವಿಗ್ರಹದಲ್ಲಿ ದೋಷವಿದೆಯೆಂದು ಆ ಹುಡುಗ ಹೇಳಿದ್ದು. ಮೈಗೆಲ್ಲ ಗಂಧ ಲೇಪಿಸಿದಾಗ ಹೊಕ್ಕುಳಿನ ಬಳಿ ಮಾತ್ರ ಅದು ಒಣಗದೆ ಉಳಿದದ್ದು. ಉಳಿ ತಾಗಿಸಿದೊಡನೆ ನೀರಿನೊಡನೆ ಕಪ್ಪೆ ಹೊರಬಂದದ್ದು. ಮಾತಿಗೆ ತಪ್ಪದ ತಂದೆ ತನ್ನ ಬಲಗೈಯನ್ನು ಕಡಿದುಕೊಂಡದ್ದು. ಕೊನೆಗೆ ಕೈದಾಳದಲ್ಲಿ ಆ ಕೈ ಮರಳಿ ಬಂದದ್ದು. ಈ ಕಥೆ 1964ರಲ್ಲಿ ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ಯಾಗಿ ತೆರೆಯ ಮೇಲೆ ಬಂದು, ಕನ್ನಡದ ಮೊದಲ ಪೂರ್ಣಾವಧಿಯ ವರ್ಣಚಿತ್ರವೆಂಬ ಹೆಸರು ಪಡೆಯಿತು.

ಬೇಲೂರಿನ ವಿಗ್ರಹಪೀಠಗಳನ್ನು ಓದಿದರೆ ಬೇರೆ ಹೆಸರುಗಳು ದೊರೆಯುತ್ತವೆ. ಬಳ್ಳಿಗಾವೆಯ ದಾಸೋಜ ಎಂಬ ಶಿಲ್ಪಿ ಅಲ್ಲಿನ ಕೆಲವು ಮದನಿಕೆಯರ ಕೆಳಗೆ ತನ್ನ ಹೆಸರನ್ನು ಕಂಡರಿಸಿದ್ದಾನೆ. ಅವನ ಮಗ ಚಾವಣನೂ ಹಾಗೆಯೇ ಮಾಡಿದ್ದಾನೆ. ಇವರು ಐತಿಹ್ಯದ ವ್ಯಕ್ತಿಗಳಲ್ಲ. ಕಲ್ಲೇ ಸಾಕ್ಷಿ ನುಡಿಯುವ ಮನುಷ್ಯರು. ಜನರ ಕಥೆಯಲ್ಲಿಯೂ ತಂದೆ ಮಗ, ಶಾಸನದಲ್ಲಿಯೂ ತಂದೆ ಮಗ! ಇದು ನೆನಪೋ ಆಕಸ್ಮಿಕವೋ ಎಂಬ ತೀರ್ಮಾನಕ್ಕೆ ನಾವು ಕೈಹಾಕುವುದಿಲ್ಲ. ಕಥೆ ಕಟ್ಟಿದವರು ಶಿಲ್ಪಿಯ ಕಸುಬನ್ನು ಬಲ್ಲವರಾಗಿದ್ದರು ಎಂಬುದಂತೂ ಸ್ಪಷ್ಟ. ಹೊಯ್ಸಳರ ಶಿಲ್ಪಿಗಳು ಕೆತ್ತಿದ್ದು ಬಳಪದ ಕಲ್ಲನ್ನು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಮೈಯೊಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಹೊರಗೆ ನುಣುಪಾಗಿ ಕಾಣುವ ಕಲ್ಲಿನ ಒಳಗೆ ಏನು ಅಡಗಿದೆಯೋ ಎಂಬ ಶಂಕೆ, ವರ್ಷಗಟ್ಟಲೆಯ ಶ್ರಮ ಒಂದು ಏಟಿಗೆ ವ್ಯರ್ಥವಾದೀತೆಂಬ ಅಂಜಿಕೆ, ಮಗನು ತನ್ನನ್ನು ಮೀರಿಸಿದಾಗ ತಂದೆಗೆ ಒಟ್ಟಿಗೆ ಉಂಟಾಗುವ ನೋವು ನಲಿವು, ಇವೆಲ್ಲ ಉಳಿ ಹಿಡಿದವನ ಅನುಭವಗಳು. ಕಪ್ಪೆ ಕಲ್ಪನೆಯಾದರೂ ಅಂಜಿಕೆ ನಿಜವಾದುದು.

ನಮ್ಮ ಕಾದಂಬರಿಕಾರರೂ ಈ ಮಾರ್ಗವನ್ನು ಹಿಡಿದಿದ್ದಾರೆ. ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ಅನೇಕ ಕೃತಿಗಳನ್ನು ರಚಿಸಿದ ತ. ರಾ. ಸುಬ್ಬರಾಯರು, ಅದೇ ದುರ್ಗದ ಐತಿಹ್ಯದ ಎಳೆಯೊಂದನ್ನು ಹಿಡಿದು ‘ಹಂಸಗೀತೆ’ಯಲ್ಲಿ ಒಬ್ಬ ಸಂಗೀತಗಾರನ ಬಾಳನ್ನು ಕಟ್ಟಿದರು. ರಾಜ್ಯಗಳು ಏಳುವ ಬೀಳುವ ಕಾಲದ ಕಥೆಯಾದರೂ ನಮ್ಮ ಮನಸ್ಸಿನಲ್ಲಿ ಉಳಿಯುವುದು ಅವನ ಸಾಧನೆ, ಅವನ ಸ್ವರ. ಅದನ್ನು ಆಧರಿಸಿ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಬಂದಿತು; 1975ರಲ್ಲಿ ಜಿ. ವಿ. ಅಯ್ಯರ್ ಅವರ ಕನ್ನಡ ಚಿತ್ರ ಬಂದಿತು. ಇನ್ನೊಬ್ಬರು ಕೆ. ವಿ. ಅಯ್ಯರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ತರುಣರ ಮೈಕಟ್ಟನ್ನು ರೂಪಿಸಿದವರು ಅವರು; ‘ಶಾಂತಲಾ’ ಕಾದಂಬರಿಯನ್ನು ಬರೆದವರೂ ಅವರೇ. ಅವರ ‘ರೂಪದರ್ಶಿ’ಯಲ್ಲಿ ಇಟಲಿಯ ಚಿತ್ರಕಾರನೊಬ್ಬ ಮುಗ್ಧತೆಯ ಚಿತ್ರಕ್ಕೆ ಒಂದು ಮಗುವಿನ ಮುಖವನ್ನು ಆರಿಸುತ್ತಾನೆ, ಎಷ್ಟೋ ವರ್ಷಗಳ ಮೇಲೆ ಕ್ರೌರ್ಯದ ಚಿತ್ರಕ್ಕೆ ಮುಖ ಹುಡುಕುವಾಗ ಅದೇ ವ್ಯಕ್ತಿಯೇ ಎದುರಾಗುತ್ತಾನೆ. ಮನುಷ್ಯನ ಮೈಯನ್ನು ದಿನವೂ ಗಮನಿಸುತ್ತಿದ್ದ ಗುರುವಿನ ಕಣ್ಣು ಆ ಲೇಖನಿಯ ಹಿಂದೆ ಇತ್ತೆಂದು ನಾವು ಭಾವಿಸುತ್ತೇವೆ.

ಇವುಗಳಿಂದ ನಾವು ಗ್ರಹಿಸುವ ತತ್ತ್ವ ಇಷ್ಟೆ: ಕಲ್ಪಿತ ವ್ಯಕ್ತಿ ಇತಿಹಾಸದೊಳಕ್ಕೆ ಬರಬೇಕಾದರೆ ಅವನ ಕೈಯಲ್ಲಿ ಒಂದು ಕಸುಬು ಇರಬೇಕು, ಆ ಕಸುಬಿನ ರುಚಿ ಬರೆಯುವವನಿಗೂ ಸ್ವಲ್ಪವಾದರೂ ಹತ್ತಿರಬೇಕು. ಏಕೆಂದರೆ ಅರಸನ ಬಾಯಲ್ಲಿ ಎಂತಹ ಮಾತನ್ನು ಇಟ್ಟರೂ ನಡೆದೀತು, ಯಾರೂ ಕೇಳಿದವರಿಲ್ಲ. ಆದರೆ ಕುಂಬಾರನ ತಿಗರಿ ಇಂದಿಗೂ ತಿರುಗುವ ರೀತಿಯಲ್ಲೇ ಅಂದೂ ತಿರುಗಿತ್ತು. ಹಸಿಮಣ್ಣು ಅಂದೂ ಬಿಸಿಲಿಗೆ ಬಿರಿಯುತ್ತಿತ್ತು. ಕಸುಬು ಲೇಖಕನನ್ನು ಸುಳ್ಳು ಹೇಳಗೊಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಜಕಣಾಚಾರಿಯನ್ನು ಬಲ್ಲ ನೂರು ಮಂದಿಯಲ್ಲಿ ದಾಸೋಜ ಚಾವಣರನ್ನು ಬಲ್ಲವರು ಎಷ್ಟು ಮಂದಿ? ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಆದರೂ ನಮ್ಮ ಮನೆಗಳಲ್ಲಿ ಆ ದೇವಾಲಯಗಳೆಲ್ಲ ಒಬ್ಬನೇ ಜಕಣಾಚಾರಿಯ ಕೈಕೆಲಸ! ಕಲ್ಪನೆಯ ಮನುಷ್ಯನು ನಿಜವಾದ ಮನುಷ್ಯನ ಕೂಲಿಯನ್ನು ಕಸಿದುಕೊಂಡಂತಾಯಿತು. ಆದುದರಿಂದ ಬರೆಯುವವರು ಮೂರು ಕಟ್ಟುಗಳನ್ನು ಪಾಲಿಸಬೇಕು. ದಾಖಲೆಯಲ್ಲಿರುವುದನ್ನು ತಿದ್ದಬಾರದು. ಒಬ್ಬರು ಮಾಡಿದ ಕಾರ್ಯವನ್ನು ಕಲ್ಪಿತನ ಹೆಸರಿಗೆ ಬರೆಯಬಾರದು. ಇವನು ಕಲ್ಪಿತನೆಂಬುದನ್ನು ಓದುಗರಿಂದ ಮರೆಮಾಚಬಾರದು.

ಇನ್ನು ನಮ್ಮ ಬೆಟ್ಟಕ್ಕೆ ಬರೋಣ. ಅರಿಕುಠಾರದ ಆ ಕಲ್ಲಿನ ಮುಂದೆ ಕುಳಿತು ಅಕ್ಷರ ಕಂಡರಿಸಿದ ಒಬ್ಬ ರೂವಾರಿಯನ್ನು ಕಲ್ಪಿಸಿಕೊಳ್ಳಿ. ನಾವು ಮುಂದೆ ಹೇಳುವುದೆಲ್ಲ ಊಹೆ. ಪಂಡಿತರು ರಚಿಸಿಕೊಟ್ಟ ಪಾಠವನ್ನು ಅವನು ಸಾಲು ಸಾಲಾಗಿ ಇಳಿಸುತ್ತಿದ್ದಾನೆ. ಸಾಲು ನೆಟ್ಟಗಿರಬೇಕು, ಅಕ್ಷರದ ಆಳ ಒಂದೇ ಸಮನಾಗಿರಬೇಕು. ಓಲೆಯ ಮೇಲಾದರೆ ಹೊಡೆದುಹಾಕಬಹುದು, ಕಲ್ಲಿನ ಮೇಲೆ ತಪ್ಪಿದ ಅಕ್ಷರ ತಪ್ಪಾಗಿಯೇ ಉಳಿಯುತ್ತದೆ. ದಂಡನಾಯಕನ ಬಿರುದುಗಳು ಮುಗಿಯುವ ವೇಳೆಗೆ ಅವನ ತೋಳು ಸೋತಿದೆ. ಆಗ ತೋಡರ ಹೆಸರು ಬರುತ್ತದೆ. ಅವನು ಆ ಹೆಸರನ್ನು ಹಿಂದೆ ಎಂದೂ ಕೆತ್ತಿದವನಲ್ಲ. ಉಳಿಯನ್ನು ಕೆಳಗಿಟ್ಟು, ದಂಡಿನಿಂದ ಮರಳಿದ ಒಬ್ಬ ಆಳನ್ನು ಕೇಳುತ್ತಾನೆ: “ಅಣ್ಣಾ, ಈ ತೋಡರೆಂದರೆ ಯಾರು? ಇವರ ಊರು ಯಾವುದು?” ಆ ಆಳು ಚಳಿಯನ್ನು ಹೇಳುತ್ತಾನೆ, ಮಂಜನ್ನು ಹೇಳುತ್ತಾನೆ, ದೊಡ್ಡ ಕೊಂಬಿನ ಎಮ್ಮೆಗಳನ್ನು ಹೇಳುತ್ತಾನೆ. “ಅವರು ನಮ್ಮೊಡನೆ ಕಾದಲಿಲ್ಲವಯ್ಯ, ಸುಮ್ಮನೆ ನಿಂತು ನೋಡಿದರು” ಎನ್ನುತ್ತಾನೆ. ಆದರೆ ಪಾಠದಲ್ಲಿರುವುದು ‘ಹೆದರಿಸಿದನು’ ಎಂದು. ಆ ರೂವಾರಿ ಈಗ ಏನು ಮಾಡಬೇಕು? ಪಾಠವನ್ನು ಬದಲಿಸುವ ಅಧಿಕಾರ ಅವನಿಗಿಲ್ಲ. ಕೇಳಿದ್ದನ್ನು ಮರೆಯುವ ಶಕ್ತಿಯೂ ಇಲ್ಲ.

ಅಲ್ಲಿಂದ ಮುಂದಿನ ಕಥೆಯನ್ನು ನಾವು ಹೇಳುವುದಿಲ್ಲ. ಅವನಿಗೆ ಹೆಸರಿಡುವ ಕೆಲಸವನ್ನೂ ಇಲ್ಲಿ ಕುಳಿತಿರುವ ಬಾಲಕ ಬಾಲಕಿಯರಿಗೇ ಬಿಟ್ಟಿದ್ದೇವೆ. ಅವರಲ್ಲಿ ನಮ್ಮದೊಂದು ಕೋರಿಕೆ. ಬರೆಯುವುದಕ್ಕೆ ಮೊದಲು ಒಂದು ಬಳಪದ ತುಂಡಿನ ಮೇಲೋ, ಒಣಗಿದ ಜೇಡಿಮಣ್ಣಿನ ಹಲಗೆಯ ಮೇಲೋ ಮೊಳೆಯಿಂದ ನಿಮ್ಮ ಹೆಸರನ್ನು ಕೆತ್ತಿ ನೋಡಿ. ‘ಕ’ಕಾರದ ಬಾಗು ಎಷ್ಟು ಕಷ್ಟವೆಂಬುದು ಬೆರಳಿಗೆ ತಿಳಿಯಲಿ. ಆಮೇಲೆ ಲೇಖನಿ ಹಿಡಿಯಿರಿ. ಆ ಬೆರಳಿನ ನೋವು ನಿಮ್ಮ ವಾಕ್ಯದೊಳಕ್ಕೆ ತಾನಾಗಿಯೇ ಬರುತ್ತದೆ.

ತೋಡರ ಕಡೆಯಿಂದಲೇ ಕಥೆ ಬರೆಯಬಾರದೇಕೆ ಎಂದು ಯಾರಾದರೂ ಕೇಳಬಹುದು. ಬರೆಯಬಹುದು, ಆದರೆ ಅದಕ್ಕೆ ಮೊದಲು ಕೇಳಿ ಕಲಿಯಬೇಕು. ಅವರು ಬಾಯಿಲ್ಲದ ಜನರಲ್ಲ. ಅವರ ಹಾಡುಗಳ ಸಂಪತ್ತನ್ನು ಭಾಷಾವಿಜ್ಞಾನಿ ಎಮೆನೊ ಅವರು ಸಂಗ್ರಹಿಸಿ 1971ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ತೋಡ ಹೆಂಗಸರು ಬಿಳಿಯ ಹತ್ತಿಬಟ್ಟೆಯ ಮೇಲೆ ಕೆಂಪು ಕಪ್ಪು ನೂಲಿನಿಂದ ಹಾಕುವ ಕಸೂತಿಯನ್ನು ನೀವೆಲ್ಲರೂ ಕಂಡಿದ್ದೀರಿ. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬಟ್ಟೆಯ ಮೇಲೆ ಮೊದಲು ನಕ್ಷೆ ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಅವರು ಸೂಜಿ ನಡೆಸುತ್ತಾರೆ. ಒಂದು ಎಳೆ ತಪ್ಪಿದರೂ ಸಾಲು ಕೆಡುತ್ತದೆ. ಕೋತರಲ್ಲಿ ಕಮ್ಮಾರಿಕೆಯುಂಟು, ಹೆಂಗಸರ ಕುಂಬಾರಿಕೆಯುಂಟು, ವಾದ್ಯಸಂಗೀತವುಂಟು. ಬಡಗರ ಮನೆಗಳಲ್ಲಿ ಹೆತ್ತೆಯ ಕಥೆಯುಂಟು. ನಮ್ಮ ಕನ್ನಡಕ್ಕೆ ಅತಿ ಸಮೀಪದ ಅವರ ನುಡಿಯನ್ನು ಕೇಳುವಾಗ ನಮ್ಮ ಅಜ್ಜಿಯರ ಮಾತೇ ನೆನಪಾಗುತ್ತದೆ. ಈ ನೆರೆಹೊರೆಯವರ ಹತ್ತಿರ ಕುಳಿತು ಹತ್ತು ಎಳೆ ಎಣಿಸುವುದನ್ನು ಕಲಿತ ಹುಡುಗಿ, ಕಲಿಸಿದ ಅಕ್ಕನ ಒಪ್ಪಿಗೆ ಪಡೆದು ಬರೆಯುವ ಒಂದು ಪುಟ, ನಾವು ಬೆಚ್ಚನೆಯ ಕೋಣೆಯಲ್ಲಿ ಕುಳಿತು ಬರೆಯುವ ನೂರು ಪುಟಗಳಿಗಿಂತ ಮೇಲು.

ತಂದೆತಾಯಂದಿರಲ್ಲಿ ಕೊನೆಯ ವಿಜ್ಞಾಪನೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಜಿಲ್ಲೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದಿನಿಂದ ನಮ್ಮ ಮಕ್ಕಳ ಬಾಳಿಗೆ ತಮಿಳು ಬೇಕು, ಇಂಗ್ಲಿಷ್ ಬೇಕು. ಅದರಲ್ಲಿ ದುಃಖಪಡತಕ್ಕದ್ದೇನೂ ಇಲ್ಲ. ಆದರೆ ಕನ್ನಡವು ಮನೆಯಲ್ಲಿ ಊಟಕ್ಕೆ ಕರೆಯುವ ಭಾಷೆಯಾಗಿ, ವರ್ಷಕ್ಕೊಮ್ಮೆ ಈ ವೇದಿಕೆಯಲ್ಲಿ ಜಯಕಾರ ಹಾಕುವ ಭಾಷೆಯಾಗಿ ಮಾತ್ರ ಉಳಿದರೆ, ಮುಂದಿನ ತಲೆಮಾರಿಗೆ ಅದು ಹಳೆಯ ಶಾಸನವಾಗುತ್ತದೆ: ಪೂಜ್ಯವಾದುದು, ಆದರೆ ಓದಲು ಬಾರದ್ದು. ಮಗುವಿಗೆ ಒಂದು ನೋಟುಪುಸ್ತಕವನ್ನು ಕೊಡಿಸಿ. ಅದರಲ್ಲಿ ಈ ಬೆಟ್ಟದ ದಾರಿಯಲ್ಲಿ ಎಂದೋ ನಡೆದಿರಬಹುದಾದ ಒಬ್ಬ ಮನುಷ್ಯ ಹುಟ್ಟಲಿ. ಅವನು ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ, ಮೋಯಾರಿನ ನೀರು ಕುಡಿದು, ಕಲ್ಲಟ್ಟಿಯ ಏರನ್ನು ಹತ್ತಲಿ. ಅವನ ಕೈಯಲ್ಲಿ ಕತ್ತಿಯ ಬದಲು ಉಳಿಯೋ, ಕೊಳಲೋ, ಮಣ್ಣಿನ ಮುದ್ದೆಯೋ ಇರಲಿ. ಮೇಲೆ ಎದುರಾದವರನ್ನು ಅವನು ಹೆದರಿಸದಿರಲಿ. ಅವರ ಹೆಸರನ್ನು ಕೇಳಲಿ.

ಒಂಬೈನೂರು ವರ್ಷಗಳ ಹಿಂದೆ ಕನ್ನಡವು ಈ ಬೆಟ್ಟದವರನ್ನು ಕುರಿತು ಹೇಳಿದ್ದು ಒಂದೇ ಮಾತು. ಎರಡನೆಯ ಮಾತನ್ನು ನಮ್ಮ ಮಕ್ಕಳು ಬರೆಯಲೆಂದು ಹಾರೈಸುತ್ತೇವೆ.