ಪಾತ್ರದ ಪರವಾಗಿ ಎರಡು ಮಾತು



ಗಿರೀಶ ಕಾರ್ನಾಡರ ‘ತುಘಲಕ್’ ನಾಟಕ ಪ್ರಕಟವಾದದ್ದು 1964ರಲ್ಲಿ. ತರಗತಿಯಲ್ಲಿ ಅದನ್ನು ಓದುವಾಗ ಒಂದು ಸರಳ ಚಟುವಟಿಕೆ ಮಾಡಿಸಬಹುದು. ಎದುರಿಗೆ ಒಂದು ಕುರ್ಚಿ ಇಡಿ. ಒಬ್ಬ ವಿದ್ಯಾರ್ಥಿನಿ ಅಲ್ಲಿ ನಾಟಕದ ನಾಯಕ ಸುಲ್ತಾನ ತುಘಲಕನಾಗಿ ಕೂರಲಿ. ಉಳಿದವರೆಲ್ಲ ದಿಲ್ಲಿಯ ಪ್ರಜೆಗಳು.

“ರಾಜಧಾನಿ ಬದಲಿಸಿ ನಮ್ಮನ್ನು ದೌಲತಾಬಾದಿಗೆ ಯಾಕೆ ಹೊರಡಿಸಿದಿರಿ?” ಎಂದು ಒಬ್ಬ ಕೇಳುತ್ತಾನೆ. “ಹಿಂದೂಗಳೂ ಮುಸಲ್ಮಾನರೂ ಒಂದಾಗಿ ಬಾಳಲಿ ಅಂತ” ಎನ್ನುತ್ತಾಳೆ ಅವಳು. “ಹಾಗಾದರೆ ದಾರಿಯಲ್ಲಿ ಸತ್ತವರಿಗೆ ಏನು ಹೇಳುತ್ತೀರಿ?” ಈಗ ಉತ್ತರಕ್ಕಾಗಿ ಅವಳು ಮತ್ತೆ ಪುಸ್ತಕ ತೆರೆಯಬೇಕು.

ಮೊದಲ ದೃಶ್ಯದಲ್ಲಿ ಕಾಜಿಯ ತೀರ್ಪಿಗೆ ತಲೆಬಾಗಿದ ದೊರೆ ಈ ಸುಲ್ತಾನನೇ. ಆಮೇಲೆ ಊರಿಗೆ ಊರನ್ನೇ ಗುಳೆ ಎಬ್ಬಿಸಿದವನೂ ಇವನೇ. ಇವನು ಕನಸುಗಾರನೋ, ಕ್ರೂರಿಯೋ? ಎರಡು ತಂಡಗಳಾಗಿ ಚರ್ಚೆ ನಡೆಯಲಿ. ಅರ್ಧದಲ್ಲಿ ಎರಡೂ ತಂಡಗಳು ಪಕ್ಷ ಬದಲಿಸಲಿ. ಆಗ ಪೂರ್ತಿ ಮನುಷ್ಯ ಕಾಣುತ್ತಾನೆ. ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಆದರೆ ಅದು ಹುಟ್ಟಿದ ಬಗೆ ತಿಳಿಯುತ್ತದೆ.

ಇವತ್ತು ಯಾರ ಮೇಲಾದರೂ ಸಿಟ್ಟು ಬಂದರೆ, ಅವರ ಪರವಾಗಿ ಎರಡು ಮಾತು ನಾವೇ ಆಡಿ ನೋಡೋಣ. ತೀರ್ಪು ಆಮೇಲೆ ಕೊಡೋಣ.